ಇಬ್ಬರು ಹೋದಲ್ಲಿ ಇನ್ನೂರು ಮಂದಿ

ಬಜ್ಪೆ

"ಕಡಲು ದಾಟುವುದು ಸಾಲದು ಅಂತ ಪಚ್ಚಿಲೆಯನ್ನೂ ಹೊತ್ಕೊಂಡು ಹೋಗ್ತೀಯಾ?" ಎಂದು ಅಮ್ಮ ಕೇಳಿದ್ದು ನಾನು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ. ಅವಳ ಅಸಮಾಧಾನ ನ್ಯಾಯವಾದದ್ದೇ. ನಮ್ಮದು ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆ. ಅಂಥ ಮನೆಯ ಮಗಳು ಕಡಲ ಕಲ್ಲಿಗೆ ಅಂಟಿಕೊಂಡು ಬದುಕುವ ಈ ಚಿಪ್ಪುಜೀವಿಯನ್ನು ಕಿತ್ತು ಫ್ರಿಜ್ಜಿನಲ್ಲಿಡುವ ಕೆಲಸ ಹಿಡಿದರೆ ಯಾವ ತಾಯಿಗೆ ಸಂತೋಷವಾದೀತು? ನಾನು ಈವರೆಗೆ ಒಂದೇ ಒಂದು ಪಚ್ಚಿಲೆಯನ್ನು ತಿಂದವಳಲ್ಲ. ಆದರೆ ಅದು ಕಲ್ಲಿಗೆ ಅಂಟಿಕೊಳ್ಳಲು ನೇಯುವ ನಾರಿನ ಬಗ್ಗೆ ನನ್ನಷ್ಟು ತಲೆ ಕೆಡಿಸಿಕೊಂಡವನು ಆಗ ಮಂಗಳೂರಿನಲ್ಲಿ ಇನ್ನೊಬ್ಬ ಮಾತ್ರ ಇದ್ದ. ಅವನು ಹನೀಫ್.

ಅಡುಗೆ ಮಾಡುವವರು ಎಳೆದು ಬಿಸಾಡುವ ನಾರು ಅದು. ನದಿ ಕಡಲು ಸೇರುವ ಅಳಿವೆಬಾಗಿಲಿನ ಕಲ್ಲುಗಳಲ್ಲಿ ಪಚ್ಚಿಲೆ ಈ ನಾರಿನಿಂದಲೇ ತಾಳಿಕೊಂಡಿರುತ್ತದೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ನೀರಿನ ಬದಲು ಕೆಂಪು ಸಿಹಿನೀರು ನುಗ್ಗುತ್ತದೆ. ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ಕಲ್ಲು ಬಿಡುವುದಿಲ್ಲ. ಆ ಕೆಲವು ಪಚ್ಚಿಲೆಗಳು ಮಳೆಗಾಲಕ್ಕೆಂದೇ ಬೇರೆ ಥರದ ನಾರು ನೇಯುತ್ತವೆ ಎಂಬುದು ನಮ್ಮ ಗುಮಾನಿ. ಗುಮಾನಿಯನ್ನು ಕಣ್ಣಿಂದ ನೋಡಬೇಕಾದರೆ ನಮ್ಮ ಸೂಕ್ಷ್ಮದರ್ಶಕ ಸಾಲದು. ಅದಕ್ಕೇ ಜರ್ಮನಿಯ ಹ್ಯಾಂಬರ್ಗಿನ ಒಂದು ದೊಡ್ಡ ಪ್ರಯೋಗಾಲಯಕ್ಕೆ ಅರ್ಜಿ ಹಾಕಿ, ಅವರು ಒಪ್ಪಿ, ಫೆಬ್ರವರಿಯಲ್ಲಿ ನಾವು ಹೊರಟದ್ದು.

ನಾವು ಎಂದರೆ ಸುರತ್ಕಲ್ ಬದಿಯ ಕಾಲೇಜೊಂದರ ಮೂಲೆಯ ಕೋಣೆಯಲ್ಲಿ ಕೂರುತ್ತಿದ್ದ ಇಬ್ಬರು. ನಾನು ಅಲ್ಲಿ ಮೇಡಂ. ಹನೀಫ್ ಮೊದಲು ನನ್ನ ವಿದ್ಯಾರ್ಥಿ, ಆಮೇಲೆ ಸಹಾಯಕ. ಬಂದರಿನಲ್ಲಿ ಅವನ ತಂದೆಯ ಒಣಮೀನಿನ ಗೋದಾಮು ಉಂಟು, ಅಣ್ಣಂದಿರು ದುಬೈಯಲ್ಲಿದ್ದಾರೆ. ಅವನ ಗುತ್ತಿಗೆಯ ಕೆಲಸ ಮೇ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವುದು ಕಷ್ಟ ಎಂದು ಕಾಲೇಜಿನವರು ಆಗಲೇ ಹೇಳಿಯಾಗಿತ್ತು. ಆಮೇಲೆ ನಮ್ಮ ತಂಡದಲ್ಲಿ ಉಳಿಯುವುದು ನಾನು ಮತ್ತು ಫ್ರಿಜ್ಜು. ಈ ಚಿಂತೆಯನ್ನು ನಾವಿಬ್ಬರೂ ಬಾಯಿಬಿಟ್ಟು ಆಡದೆ, ಚೆಕ್-ಇನ್ ಸಾಲಿನಲ್ಲಿ ನಾರಿನ ಮಾದರಿಗಳಿದ್ದ ಥರ್ಮೋಕೋಲ್ ಪೆಟ್ಟಿಗೆಯನ್ನು ಕೂಸಿನ ಹಾಗೆ ಹಿಡಿದು ನಿಂತಿದ್ದೆವು.

ಹ್ಯಾಂಬರ್ಗ್, ಮೊದಲ ದಿನ

ಆ ಕಟ್ಟಡವನ್ನು ಹೇಗೆ ವರ್ಣಿಸುವುದೆಂದು ಈಗಲೂ ನನಗೆ ತಿಳಿಯದು. ಬೈಕಂಪಾಡಿಯ ಕಾರ್ಖಾನೆ ಶೆಡ್ಡುಗಳನ್ನು ಒಂದಕ್ಕೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದರೆ ಹೇಗೋ ಹಾಗೆ. ಒಳಗೆ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣಿಸದು. ಜನ ಕಟ್ಟಡದೊಳಗೇ ಸೈಕಲ್ ತುಳಿಯುತ್ತಿದ್ದರು! ದೊಡ್ಡ ಉಂಗುರದಂಥ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಸುತ್ತುತ್ತಿರುತ್ತವೆ. ಅವು ತಿರುವಿನಲ್ಲಿ ಚೆಲ್ಲುವ ಎಕ್ಸ್-ಕಿರಣವನ್ನು ಹಿಡಿದು, ಸಣ್ಣದು ಮಾಡಿ, ನೋಡಬೇಕಾದ ವಸ್ತುವಿನ ಮೇಲೆ ಬಿಡುತ್ತಾರೆ. ನಾನು ಪುಸ್ತಕದಲ್ಲಿ ಓದಿದ್ದೆ, ಪಾಠವನ್ನೂ ಮಾಡಿದ್ದೆ. ಆದರೆ ಅದರೆದುರು ನಿಂತಾಗ ತಲೆ ಎತ್ತಿ ನೋಡುತ್ತಲೇ ಇದ್ದೆ. ಹನೀಫ್ ಮಾತ್ರ ಮೆಲ್ಲಗೆ, "ಮೇಡಂ, ಇದಕ್ಕೆ ಕರೆಂಟ್ ಹೋದ್ರೆ ಎಂತ ಮಾಡ್ತಾರೆ?" ಎಂದ. ಊರಿನವರ ಮೊದಲ ಪ್ರಶ್ನೆಯೇ ಅದು.

ನಮ್ಮನ್ನು ಎದುರುಗೊಂಡವರು ಅನೆಟ್. ಅಂಟಿನ ಬಗ್ಗೆ ಕೆಲಸ ಮಾಡುವ ಇನ್ನೂರು ಮಂದಿಯ ತಂಡಕ್ಕೆ ಅವರು ಮುಖ್ಯಸ್ಥೆ. ಬಿಳಿ ಕೂದಲು, ಗಂಡಸಿನಂಥ ಹಸ್ತಲಾಘವ, ಮಾತು ಕಡಿಮೆ. ಒದ್ದೆ ಜಾಗದಲ್ಲೂ ಹಿಡಿಯುವ ಅಂಟು, ಗಾಯಕ್ಕೆ ಹೊಲಿಗೆಯ ಬದಲು ಹಚ್ಚುವಂಥದ್ದು, ಅವರ ಗುರಿ. ಅವರು ನಮ್ಮನ್ನು ಯೋಖೆನ್ ಎಂಬ ಎತ್ತರದ ಮನುಷ್ಯನಿಗೆ ಒಪ್ಪಿಸಿ ಹೋದರು.

ಯೋಖೆನ್ ಕೆಲಸ ಒಂದು ಕನ್ನಡಿ. ತಮಾಷೆಯಲ್ಲ. ಕಿರಣದ ದಾರಿಯಲ್ಲಿ ಕೂತ ಒಂದು ಕನ್ನಡಿಯನ್ನು ನೇರ ಇಡುವುದೇ ಅವನ ಉದ್ಯೋಗ. ಪಕ್ಕದ ಕನ್ನಡಿಗೆ ಬೇರೆಯವಳು. ಚಳಿ-ಶೆಖೆ ಏರುಪೇರಾಗದಂತೆ ನೋಡುವವನು ಮತ್ತೊಬ್ಬ. ಬಂದ ಚಿತ್ರಗಳನ್ನು ಕಾಯುವವರದ್ದು ಒಂದು ಪಂಗಡವೇ.

"ನಿಮ್ಮ ತಂಡದಲ್ಲಿ ಎಷ್ಟು ಮಂದಿ?" ಎಂದು ಯೋಖೆನ್ ಕೇಳಿದ.

"ಇಬ್ಬರು."

"ಇಲ್ಲಿಗೆ ಬಂದವರಲ್ಲ, ಒಟ್ಟು?"

"ಒಟ್ಟು ಇಬ್ಬರು."

ಅವನು ನನ್ನನ್ನೂ ಹನೀಫನನ್ನೂ ಎರಡು ಸಲ ನೋಡಿದ. "ಪಂಪ್ ಕೆಟ್ಟರೆ ಯಾರು ರಿಪೇರಿ ಮಾಡುವುದು?" "ನಾವೇ." "ಲೆಕ್ಕ ಹಾಕುವುದು?" "ನಾವೇ." "ಒಬ್ಬರಿಗೆ ಜ್ವರ ಬಂದರೆ?"

"ಅರ್ಧ ತಂಡಕ್ಕೆ ರಜೆ," ಎಂದೆ.

ಅವನು ಜೋರಾಗಿ ನಕ್ಕ. ಆಮೇಲೆ ನಾನು ಕೇಳಿದೆ: "ನೀವು ಜೀವಂತ ಪಚ್ಚಿಲೆ ನೋಡಿದ್ದೀರಾ?" ಯೋಖೆನ್ ಸ್ವಲ್ಪ ಯೋಚಿಸಿ, "ತಟ್ಟೆಯಲ್ಲಿ ನೋಡಿದ್ದೇನೆ," ಎಂದ.

ಎಡವಟ್ಟಾದದ್ದು ಆಮೇಲೆ. ನಾರನ್ನು ಮಳೆಗಾಲದ ಅಳಿವೆಯ ನೀರಿನಲ್ಲೇ ನೆನೆಸಿ ಕಿರಣಕ್ಕೆ ಹಿಡಿಯಬೇಕಿತ್ತು. ಹೋದ ಜುಲೈಯಲ್ಲಿ ಹಿಡಿದಿಟ್ಟ ನೀರನ್ನು ತಂದಿದ್ದೆವು. ಹೊರಡುವ ದಿನ ಅದರ ಗಾಜಿನ ಬಾಟಲಿ ಬಿರುಕು ಬಿಟ್ಟದ್ದರಿಂದ ಗಡಿಬಿಡಿಯಲ್ಲಿ ತೊಳೆದಿಟ್ಟಿದ್ದ ಇನ್ನೊಂದು ಬಾಟಲಿಗೆ ಸುರಿದಿದ್ದೆವು. ನಮ್ಮ ಲ್ಯಾಬಿನಲ್ಲಿ ಪ್ರತಿ ಬಾಟಲಿಗೂ ಒಂದು ಪೂರ್ವಾಶ್ರಮ ಇರುತ್ತದೆ. ಇದರ ಪೂರ್ವಾಶ್ರಮ ತೆಂಗಿನೆಣ್ಣೆ. ಮಂಗಳೂರಿನ ಶೆಖೆಯಲ್ಲಿ ಎಣ್ಣೆಯ ಪಸೆ ಕಣ್ಣಿಗೆ ಬಿದ್ದಿರಲಿಲ್ಲ. ಹ್ಯಾಂಬರ್ಗಿನ ಚಳಿಗೆ ಅದು ಹೆಪ್ಪುಗಟ್ಟಿ, ನೀರಿನ ಮೇಲೆ ಬೆಳ್ಳಗೆ ಕೆನೆಯ ಹಾಗೆ ತೇಲುತ್ತಿತ್ತು.

ನೀರಿನ ವಿಭಾಗದ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಈ ಬಿಳಿ ಪದಾರ್ಥ ನದಿಯದ್ದೇ?" ಎಂದು ಬಹಳ ಗೌರವದಿಂದ ಕೇಳಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮೇಡಂ, ಹೇಳಿಬಿಡಿ ಮಾರಾಯ್ರೇ," ಎಂದು ಹನೀಫ್ ಪಿಸುಗುಟ್ಟಿದ. "ಇಲ್ಲದಿದ್ರೆ ಇವರು ಇದರ ಮೇಲೆ ಒಂದು ಪ್ರಬಂಧ ಬರೀತಾರೆ."

ಹೇಳಿದೆ. ಬೈಯುತ್ತಾರೆಂದುಕೊಂಡರೆ ಯಾರೂ ಬೈಯಲಿಲ್ಲ. ಆ ಹುಡುಗಿ ಕುರ್ಚಿ ಎಳೆದು ಕೂತು, ಆ ನೀರಿನ ಗುಣವನ್ನೆಲ್ಲ ಕೇಳಿದಳು: ಉಪ್ಪು ಎಷ್ಟು, ಹುಳಿ ಎಷ್ಟು, ಮಣ್ಣು ಎಂಥದ್ದು, ಕಬ್ಬಿಣ ಉಂಟೋ ಇಲ್ಲವೋ. ಹನೀಫ್‌ಗೆ ಎಲ್ಲವೂ ಬಾಯಿಪಾಠ. ಅವಳು ಎದ್ದು, "ನಾಳೆ ಬನ್ನಿ," ಎಂದಳು.

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ಅಮ್ಮ ಹೇಳುವುದುಂಟು. ಆ ರಾತ್ರಿ ಅದನ್ನೇ ನೆನೆದು ಮಲಗಿದೆ.

ಎರಡನೆಯ ದಿನ

ಬೆಳಿಗ್ಗೆ ಮೇಜಿನ ಮೇಲೆ ಅಳಿವೆಯ ನೀರಿತ್ತು. ಅದೇ ಕೆಂಪು, ಅದೇ ಸಿಹಿ. ನಾಲ್ವರು ಸೇರಿ ಅದನ್ನು ಹದ ಮಾಡಿದ್ದರಂತೆ. ಒಬ್ಬನಂತೂ ಯಾವುದೋ ತೋಟದ ಅಂಗಡಿಯಿಂದ ಕೆಂಪು ಜೇಡಿ ತಂದು, ಸೋಸಿ, ಬೇಕಾದಷ್ಟೇ ಬೆರೆಸಿದ್ದ. ನಮ್ಮ ಊರಿನ ಜುಲೈ ತಿಂಗಳು, ಹಿಮ ಬಿದ್ದ ಊರಿನಲ್ಲಿ, ಒಂದು ಗಾಜಿನ ಬೋಗುಣಿಯಲ್ಲಿ! ನಾವಾಗಿದ್ದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕಿತ್ತು. ಅಮ್ಮನ ಗಾದೆ ಇಲ್ಲಿ ನಡೆಯುವುದಿಲ್ಲ ಎಂದು ಖಾತ್ರಿಯಾಯಿತು. ಇಲ್ಲಿ ಹತ್ತು ಜನವೂ ಹಾವಿನ ಒಂದೊಂದು ಭಾಗವನ್ನು ಮೊದಲೇ ಹಂಚಿಕೊಂಡಿರುತ್ತಾರೆ.

ನಾರನ್ನು ಕಿರಣದ ಕೋಣೆಯಲ್ಲಿಟ್ಟು, ದಪ್ಪ ಬಾಗಿಲು ಮುಚ್ಚಿ, ಪರದೆಯ ಮುಂದೆ ಕೂತೆವು. ಯೋಖೆನ್ ತನ್ನ ಕನ್ನಡಿಯನ್ನು ಕಣ್ಣಿಗೆ ಕಾಣದಷ್ಟು ತಿರುಗಿಸಿದ. ಪಕ್ಕದವಳು ತನ್ನದನ್ನು ತಿರುಗಿಸಿದಳು. ಮೊದಲು ಬೇಸಿಗೆಯ ನಾರು. ಪರದೆಯ ಮೇಲೆ ಉರುಟಾದ, ಒಂದೇ ಬಣ್ಣದ ಬಿಲ್ಲೆ ಮೂಡಿತು. ಆಮೇಲೆ ಮಳೆಗಾಲದ್ದು.

ಮೊದಲು ಮಬ್ಬು. ನಂತರ ಒಂದು ಸುತ್ತು. ಅದರೊಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಬೇಯಿಸಿ ಅಡ್ಡಕ್ಕೆ ಕೊಯ್ದ ಹಾಗೆ.

"ಪತ್ರೊಡೆ!" ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದೆವು.

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಕೆಸುವಿನ ಎಲೆಯ ಈ ತಿಂಡಿಯನ್ನು ನಾವು ಮಾಡುವುದೂ ಮಳೆಗಾಲದಲ್ಲೇ ಎಂದು ಹೇಳಲು ಹೋದೆ. ಅರ್ಧಕ್ಕೇ ಬಿಟ್ಟು ಮತ್ತೆ ಪರದೆಯತ್ತ ತಿರುಗಿದೆ. ಮಳೆಯಲ್ಲಿ ಜಾರಿ ಮೊಣಕಾಲು ಒಡೆದುಕೊಂಡು ಕಿತ್ತ ನಾರು ಅದು. ಅದರ ಒಳಗೆ ಇಷ್ಟು ಚಂದದ ನೇಯ್ಗೆ ಇದ್ದದ್ದು ಇಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಕಣ್ಣಿಂದ ನೀರು ಸುರಿಯಿತು. ಹನೀಫ್ ಮುಖ ಆಚೆ ತಿರುಗಿಸಿದ್ದ. ಅವನದ್ದೂ ಅದೇ ಅವಸ್ಥೆ ಇರಬೇಕು.

ಊಟದ ಮೇಜು

ಸಂಜೆ ನಮ್ಮ ಗೌರವಾರ್ಥ ಊಟ. ಅವರು ಬಹಳ ಯೋಚಿಸಿ, ಪಚ್ಚಿಲೆಯವರು ಬಂದಿದ್ದಾರೆಂದು ಪಚ್ಚಿಲೆಯದ್ದೇ ದೊಡ್ಡ ಪಾತ್ರೆ ತರಿಸಿದ್ದರು. ಮುಚ್ಚಳ ತೆಗೆದಾಗ ಎಲ್ಲರ ಕಣ್ಣು ನನ್ನ ಮೇಲೆ. ನಾನು ಇದನ್ನು ತಿನ್ನುವವಳಲ್ಲ ಎಂದಾಗ ಅನೆಟ್ ಮುಖದಲ್ಲಿ ಆದ ಗಲಿಬಿಲಿ ಹೇಳತೀರದು. ಹನೀಫ್ ನನ್ನ ಪಾಲನ್ನೂ ತನ್ನ ಕಡೆಗೆ ಎಳೆದುಕೊಂಡು, "ನಮ್ಮ ತಂಡದಲ್ಲಿ ಕೆಲಸ ಹಂಚಿಕೆ ಉಂಟು. ಮೇಡಂ ನೋಡ್ತಾರೆ, ನಾನು ತಿನ್ತೇನೆ," ಎಂದು ಎಲ್ಲರನ್ನೂ ನಗಿಸಿದ. ನನಗೆ ಆಲೂಗಡ್ಡೆ ಬಂತು.

ಊಟದ ಕೊನೆಗೆ ಅನೆಟ್ ವಿಷಯಕ್ಕೆ ಬಂದರು. ನಮ್ಮ ಕೋಣೆ ಅವರ ತಂಡದ ಒಂದು ಕೈಯಾಗಬೇಕು. ಹಾಗಾದರೆ ಹನೀಫ್‌ಗೆ ಹ್ಯಾಂಬರ್ಗಿನಲ್ಲಿ ಕೆಲಸ, ನನಗೆ ಬೇಕಾದ ಉಪಕರಣ. ಪ್ರಬಂಧದಲ್ಲಿ ಎಲ್ಲರ ಹೆಸರು ಅಕ್ಷರ ಕ್ರಮದಲ್ಲಿ. ಮುಂದೆ ಏನು ಹುಡುಕಬೇಕೆಂದು ಸಮಿತಿ ನಿರ್ಧರಿಸುತ್ತದೆ, ಮತ್ತು ಸಮಿತಿಗೆ ಬೇಕಾದದ್ದು ಗಾಯದ ಅಂಟು.

"ಪಚ್ಚಿಲೆಗೆ ಮಳೆ ಬರುತ್ತದೆಂದು ಹೇಗೆ ತಿಳಿಯುತ್ತದೆ ಎಂಬ ನಮ್ಮ ಪ್ರಶ್ನೆ?" ಎಂದೆ.

"ಅದು ಕಾಯಬೇಕಾಗುತ್ತದೆ," ಎಂದರು ಅನೆಟ್. ಸುಳ್ಳು ಹೇಳುವ ಹೆಂಗಸಲ್ಲ. ಸೋಮವಾರ ಉತ್ತರ ಕೊಟ್ಟರೆ ಸಾಕೆಂದರು.

ವಸತಿಗೆ ನಡೆದು ಬರುವಾಗ ಹನೀಫ್ ಬಾಯಿ ನಿಲ್ಲಲಿಲ್ಲ. ನಾವಿಬ್ಬರೇ ಇದ್ದಾಗ ತುಳುವಿನಲ್ಲೇ ಮಾತಾಡುವುದು. ಅವನ ಮನೆಮಾತು ಬ್ಯಾರಿಯಾದರೂ ತುಳು ನನಗಿಂತ ಚೆನ್ನಾಗಿ ಬರುತ್ತದೆ. ಯೋಖೆನ್ ಜೊತೆ ಮಾತಾಗಿದೆ ಎಂದು ಹೇಳುತ್ತಾ ಅವನೆಂದ: "ಎಂಕುಲು ಎಲ್ಲೆ ಕನ್ನಡಿ ಸರಿ ಮಲ್ಪುವ."

ನಾಳೆ ನಾವು ಕನ್ನಡಿ ಸರಿ ಮಾಡುತ್ತೇವೆ. ಕನ್ನಡದಲ್ಲಿ ಹೇಳಿದ್ದರೆ ಏನೂ ಅನ್ನಿಸುತ್ತಿರಲಿಲ್ಲ. ಕನ್ನಡದ 'ನಾವು' ದೊಡ್ಡ ಮನಸ್ಸಿನದು, ಯಾರು ಒಳಗೆ ಯಾರು ಹೊರಗೆ ಎಂದು ಹೇಳಿಕೊಡುವುದಿಲ್ಲ. ತುಳುವಿನಲ್ಲಿ ಹಾಗಲ್ಲ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ', ಬಿಟ್ಟರೆ 'ಎಂಕುಲು'. ನಮ್ಮ ಕೋಣೆಯಲ್ಲಿ ಇಷ್ಟು ವರ್ಷ ಹನೀಫ್ ಬಾಯಲ್ಲಿ ನಾನು ಕೇಳಿದ್ದು 'ನಮ' ಒಂದೇ. ನಮ ಕಲ್ಲಿಗೆ ಹೋಗುವ, ನಮ ಪಂಪ್ ಬಿಚ್ಚುವ. ಈಗ ಅವನು ಮತ್ತು ಯೋಖೆನ್ 'ಎಂಕುಲು' ಆಗಿದ್ದರು. ನಾನು ಕೇಳುವವಳು, ಹೊರಗಿನವಳು.

ಅವನಿಗೆ ತಾನೇನಂದೆ ಎಂಬುದು ಗೊತ್ತೇ ಆಗಿರಲಿಲ್ಲ. ನನಗೆ ಮಾತ್ರ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು.

ನದಿಯ ದಂಡೆ, ಭಾನುವಾರ

ಎಲ್ಬ ನದಿಯ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಮೀನು ಮಾರ್ಕೆಟ್. ಹನೀಫ್ ನನ್ನನ್ನು ಎಬ್ಬಿಸಿಕೊಂಡು ಹೋದ. ನಮ್ಮ ಬಂದರಿನಲ್ಲಿ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯ ಹಾಗೆಯೇ ಕೂಗಾಟ. ಆದರೆ ಇಲ್ಲಿ ಕೂಗುವವನು ಲಾರಿಯ ಮೇಲೆ ನಿಂತು ನಾಟಕದವನಂತೆ ಅಭಿನಯಿಸುತ್ತಾನೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಮೀನಿನ ಪಕ್ಕದಲ್ಲೇ ಹೂಕುಂಡ, ಬಾಳೆಹಣ್ಣಿನ ಬುಟ್ಟಿ. ಎಲ್ಲಕ್ಕಿಂತ ನನ್ನನ್ನು ಬೆರಗು ಮಾಡಿದ್ದು ನೆಲ: ಮೀನು ಮಾರುವ ಜಾಗ, ಚಪ್ಪಲಿ ಒದ್ದೆಯಾಗಲಿಲ್ಲ.

"ನಮ್ಮ ಬಂದರಿನಲ್ಲಿ ಇಷ್ಟು ಹೊತ್ತಿಗೆ ಬಾಪ ಯಾರಿಗಾದ್ರೂ ಬೈಯುವುದು ಶುರು ಮಾಡಿರ್ತಾರೆ," ಎಂದು ಹನೀಫ್ ತಂದೆಯನ್ನು ನೆನೆದ. ಅವನ ದನಿಯಲ್ಲಿ ಆಸೆಯೂ ಇತ್ತು, ಅಳುಕೂ ಇತ್ತು. ಇಬ್ಬರೂ ಚಹಾ ಹಿಡಿದು ಕಟ್ಟೆಯ ಮೇಲೆ ಕೂತೆವು.

"ನೀನು ಇಲ್ಲಿ ನಿಲ್ತೀಯಾ?" ಎಂದು ನೇರವಾಗಿ ಕೇಳಿದೆ.

"ನೀವು ಹೂಂ ಅಂದ್ರೆ ಮಾತ್ರ."

"ನಾನು ಎಂತ ಹೂಂ ಅನ್ನುವುದು? ನಿನ್ನ ಮನಸ್ಸಿನಲ್ಲಿ ಎಂತ ಉಂಟು ಅದನ್ನು ಹೇಳು."

ಅವನು ಚಹಾ ಕೆಳಗಿಟ್ಟ. "ಮೇಡಂ, ನಮ್ಮಲ್ಲಿ ಒಂದು ಪಂಪ್ ಕೆಟ್ರೆ ನನಗೆ ಎರಡು ವಾರ ಪಂಪಿನದ್ದೇ ಕೆಲಸ. ಪಚ್ಚಿಲೆಯನ್ನು ಮರ್ತೇ ಬಿಡ್ತೇನೆ. ಇಲ್ಲಿ ಮೊನ್ನೆ ನನಗೆ ಯೋಚನೆ ಮಾಡ್ಲಿಕ್ಕೆ ಮಾತ್ರ ಇತ್ತು. ಅಂಥ ದಿನ ನನಗೆ ಈವರೆಗೆ ಸಿಕ್ಕಿರ್ಲಿಲ್ಲ." ಆಮೇಲೆ ತಲೆ ತಗ್ಗಿಸಿ, "ಮೇ ಆದ ಮೇಲೆ ಅಣ್ಣ ದುಬೈಗೆ ಬಾ ಅಂತಾನೆ. ಅಂಗಡಿಯಲ್ಲಿ ನಿಲ್ಲುವುದು. ಅದೂ ಕೆಟ್ಟದಲ್ಲ. ಆದ್ರೆ ನಾರು?" ಎಂದ.

ಆ 'ನಾರು' ಎಂಬ ಮಾತು ನನ್ನನ್ನು ಕರಗಿಸಿತು. ನಮ್ಮ ದೇಶದಲ್ಲಿ ಹೀಗೆ ಎಷ್ಟು ಮಂದಿ ಇರಬಹುದು ಎಂದುಕೊಂಡೆ. ಒಂದೊಂದು ಕೋಣೆಗೆ ಒಬ್ಬ ಮೇಷ್ಟ್ರು, ಒಬ್ಬ ಶಿಷ್ಯ, ಒಂದು ಕೆಟ್ಟ ಪಂಪು. ಪ್ರಶ್ನೆಗಳಿಗೆ ಬರಗಾಲವಿಲ್ಲ, ಅವನ್ನು ದಡ ಸೇರಿಸುವ ಕೈಗಳಿಗೆ ಬರಗಾಲ. ಇಲ್ಲಿಯೋ, ಕೈಗಳ ಸಮುದ್ರವೇ ಉಂಟು. ಆದರೆ ಅಷ್ಟೊಂದು ಮಂದಿಯಲ್ಲಿ ಒಬ್ಬರೂ ಮಳೆಯಲ್ಲಿ ಕಲ್ಲಿನ ಮೇಲೆ ನಿಂತವರಲ್ಲ. ಇನ್ನೂರು ಜನ ಹೋಗುವ ದಾರಿ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಅಷ್ಟು ಜನರನ್ನು ಹೊರಡಿಸುವುದು ಹೇಗೆ? ದಾರಿ ತಪ್ಪುವ ಸ್ವಾತಂತ್ರ್ಯ ಇರುವುದು ಇಬ್ಬರಿಗೆ. ನಾವು ದಾರಿ ತಪ್ಪಿಯೇ ಪತ್ರೊಡೆಗೆ ಮುಟ್ಟಿದ್ದು.

"ಮೊನ್ನೆ ನೀನು ನನಗೆ 'ಎಂಕುಲು' ಅಂದೆ," ಎಂದೆ. ಹೇಳಬಾರದೆಂದುಕೊಂಡಿದ್ದೆ, ಬಾಯಿಂದ ಜಾರಿಬಿಟ್ಟಿತು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಸಣ್ಣದಾಯಿತು. "ಅಯ್ಯೋ ಮೇಡಂ, ಬಾಯಿ ತಪ್ಪಿ..."

"ತಪ್ಪಲ್ಲ ಮಾರಾಯ. ವ್ಯಾಕರಣ ಸರಿ ಉಂಟು. ಅದೇ ಬೇಜಾರು."

ಕೊನೆಯ ದಿನ

ಸೋಮವಾರ ಅನೆಟ್ ಕೋಣೆಗೆ ಹೋಗಿ ಉತ್ತರ ಹೇಳಿದೆ. ಹನೀಫ್ ನಿಮ್ಮಲ್ಲಿರಲಿ. ಗಾಯದ ಅಂಟಿಗೆ ಬೇಕಾದ ನಾರನ್ನು ನಾನು ಕಳಿಸುತ್ತೇನೆ. ಆ ಪ್ರಬಂಧದಲ್ಲಿ ನಮ್ಮ ಹೆಸರು ಅಕ್ಷರ ಕ್ರಮದಲ್ಲಿ ಎಲ್ಲಿ ಬರುತ್ತದೋ ಅಲ್ಲಿ ಬರಲಿ. ಆದರೆ ನನ್ನ ಕೋಣೆ ನಿಮ್ಮ ಕೈಯಾಗುವುದಿಲ್ಲ. ಮಳೆಯ ಪ್ರಶ್ನೆ ಸಮಿತಿಗಾಗಿ ಕಾಯುವುದಿಲ್ಲ. ಅದು ಹನೀಫ್ ಮತ್ತು ನನ್ನದು. ಮಳೆಗಾಲದಲ್ಲಿ ಅವನನ್ನು ನೀವು ಬಿಟ್ಟುಕೊಡಬೇಕು.

"ಒಬ್ಬರೇ ಹೇಗೆ ನಡೆಸುತ್ತೀರಿ?" ಎಂದು ಕೇಳಿದರು.

"ಜ್ವರ ಬಂದರೆ ಪೂರ್ತಿ ತಂಡಕ್ಕೆ ರಜೆ," ಎಂದೆ. ಯೋಖೆನ್ ಆ ಮಾತನ್ನು ಅವರಿಗೆ ಮೊದಲೇ ಹೇಳಿದ್ದನೆಂದು ಕಾಣುತ್ತದೆ, ಅವರು ನಕ್ಕುಬಿಟ್ಟರು.

ಆಮೇಲೆ ತುಳುವಿನ ಆ ಎರಡು ಮಾತುಗಳ ಕತೆಯನ್ನೂ ಹೇಳಿದೆ. ಅನೆಟ್ ನಗಲಿಲ್ಲ. ಕಿಟಕಿಯ ಹೊರಗೆ ಸೈಕಲುಗಳನ್ನು ನೋಡುತ್ತಾ, "ನಾನು ದಿನಕ್ಕೆ ನೂರು ಸಲ 'ನಾವು' ಅನ್ನುತ್ತೇನೆ. ಅದರೊಳಗೆ ಯಾರಿದ್ದಾರೆಂದು ಯೋಚಿಸಿದವಳಲ್ಲ. ನನ್ನ ಮೊದಲ ಲ್ಯಾಬಿನಲ್ಲೂ ಇಬ್ಬರೇ ಇದ್ದೆವು," ಎಂದರು. ಇನ್ನೊಬ್ಬರು ಯಾರು, ಏನಾದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸಮಿತಿಯನ್ನು ಒಪ್ಪಿಸುತ್ತೇನೆಂದು ಮಾತು ಕೊಟ್ಟರು, ಕೈ ಹಿಡಿದು ಬಾಗಿಲವರೆಗೆ ಬಂದರು.

ವಿಮಾನ ನಿಲ್ದಾಣಕ್ಕೆ ಹನೀಫ್ ಬಂದಿದ್ದ. ಖಾಲಿ ಥರ್ಮೋಕೋಲ್ ಪೆಟ್ಟಿಗೆಯನ್ನು ನಾನೊಬ್ಬಳೇ ಹಿಡಿದುಕೊಂಡೆ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಒಳಗೆ ಹೋದ ಮೇಲೆ ತಿರುಗಿ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಮಂಗಳೂರು, ಆಟಿ ತಿಂಗಳು

ಈ ಸಲ ಜುಲೈಯ ಮಳೆ ಜೋರು. ಅಳಿವೆಬಾಗಿಲಿನ ಕಲ್ಲಿಗೆ ಒಬ್ಬಳೇ ಹೋಗಿ, ಒಬ್ಬಳೇ ಜಾರಿ, ಒಬ್ಬಳೇ ಬಂದೆ. ಪಂಪ್ ಕೆಟ್ಟಿತು. ಎರಡು ವಾರ ನನಗೂ ಪಂಪಿನದ್ದೇ ಕೆಲಸವಾಯಿತು.

ಮೊನ್ನೆ ಬೆಳಿಗ್ಗೆ ಹನೀಫ್‌ನ ಸಂದೇಶ ಬಂತು. ಎರಡೇ ಶಬ್ದ: "ಎಂಕುಲು ಬರ್ಪ." ನಾವು ಬರುತ್ತೇವೆ. ಮೊದಲಿಗೆ ಆ 'ಎಂಕುಲು' ನೋಡಿ ಹಳೆಯ ಮುಳ್ಳು ಮತ್ತೆ ಚುಚ್ಚಿತು. ಆಮೇಲೆ ಹೊಳೆಯಿತು: ಬರುವವರು ಇನ್ನು ಬೇರೆ ಹೇಗೆ ಹೇಳಿಯಾರು? 'ನಮ ಬರ್ಪ' ಎಂದರೆ ಬರುವವರ ಜೊತೆ ನಾನೂ ಬಂದ ಹಾಗಾಗುತ್ತದೆ. ಮತ್ತೆ ಬಾಗಿಲು ತೆರೆಯುವವರು ಯಾರು? ಹೊರಗಿದ್ದರಲ್ಲವೇ ಬರುವುದು.

ಅಮ್ಮನಿಗೆ ಹೇಳಿದೆ, ಹ್ಯಾಂಬರ್ಗಿನವರು ಬರ್ತಾರಂತೆ ಎಂದು.

"ಪಚ್ಚಿಲೆ ತಿನ್ನುವವರಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಪತ್ರೊಡೆ ಮಾಡುವ. ಎಷ್ಟು ಜನ ಅಂತ ಕೇಳು," ಎಂದಳು.

ನಾನು ಕೇಳಲಿಲ್ಲ. ಕೊಡೆ ಹಿಡಿದು ಹಿತ್ತಿಲಿಗೆ ಇಳಿದು, ಕೆಸುವಿನ ಎಲೆಗಳನ್ನು ಸ್ವಲ್ಪ ಜಾಸ್ತಿಯೇ ಕೊಯ್ದೆ.